ಕೌಂಟಾಶ್ ನಿಜಕ್ಕೂ ಚಂದದ ಕಾರಾ, ಇಲ್ಲಾ ಎಲ್ಲಾ ಪೋಸ್ಟರ್ ಮಹಿಮೆಯಾ?

ಹಳೇಗಾಡಿ ಹರಿ

ಒಂದು ಜಗಳ ಇತ್ಯರ್ಥ ಮಾಡಿಕೊಡಿ. ಲ್ಯಾಂಬೋರ್ಗಿನಿ ಕೌಂಟಾಶ್ ವಿಷಯಕ್ಕೆ ನನಗೂ ನನ್ನ ಷಡ್ಡಕನಿಗೂ ಮಾತಿಗೆ ಮಾತು ಬೆಳೆದಿದೆ. ಅವನು ಹೇಳುವುದು: ಹಿಂದೆ ಏನೂ ಕಾಣುವುದಿಲ್ಲ, ಕಿಟಕಿ ಪೂರ್ತಿ ಇಳಿಯುವುದಿಲ್ಲ, ಕ್ಲಚ್ ತುಳಿದು ತುಳಿದು ಮೊಣಕಾಲು ಬಿದ್ದುಹೋಗುತ್ತದೆ, ಒಳಗೆ ಕೂತರೆ ಸೆಕೆ. ಇಂಥ ಕಾರಿಗೆ ಐವತ್ತು ವರ್ಷ ಕಳೆದರೂ ಜನ ಯಾಕೆ ಬಾಯಿ ಬಿಡುತ್ತಾರೆ? ಎಲ್ಲಾ ಪೋಸ್ಟರ್ ಮಹಿಮೆ ಅಂತ.

ಅವನು ಹೇಳಿದ ದೋಷಗಳೆಲ್ಲ ನಿಜ. ಆದರೂ ನಾನು ಒಪ್ಪುವುದಿಲ್ಲ. 1971ರ ಜಿನೀವಾ ಮೋಟಾರ್ ಶೋನಲ್ಲಿ ಆ ಹಳದಿ ಮಾದರಿಯನ್ನು ತಂದು ನಿಲ್ಲಿಸಿದರಲ್ಲ, ಅದರ ಫೋಟೋ ಒಮ್ಮೆ ನೋಡಿ. ಮೂಗಿನ ತುದಿಯಿಂದ ಹೊರಟ ಗೆರೆ ಮುಂದಿನ ಗಾಜಿನ ಮೇಲೆ ಹಾದು ಸೂರಿನ ತನಕ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಎಲ್ಲೂ ಮುರಿಯುವುದಿಲ್ಲ. ಆ ಕಾಲದ ಬೇರೆ ಕಾರುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ ಕಾಲದ್ದು ಅಂತ ನಂಬುವುದಕ್ಕೇ ಆಗುವುದಿಲ್ಲ.

ನಿಮ್ಮ ಅಭಿಪ್ರಾಯ ಹೇಳಿ. ಹಾಗೇ ಯಾವ ಮಾದರಿ ಇಷ್ಟ ಅಂತಲೂ ಬರೆಯಿರಿ. ಮೊದಲಿನ ಸಪೂರ ಎಲ್‌ಪಿ400 ಅಥವಾ ಹಿಂದೆ ರೆಕ್ಕೆ (ಸ್ಪಾಯ್ಲರ್) ಹಾಕಿಕೊಂಡ ಆಮೇಲಿನದ್ದು?

ಸ್ಪ್ಯಾನರ್ ಸೀನ

ರೆಕ್ಕೆ. ಚರ್ಚೆ ಮುಗಿಯಿತು, ಎಲ್ಲರೂ ಮನೆಗೆ ಹೊರಡಿ.

ಮಿಯೂರಾ ಮೋಹನ

ನನ್ನ ಓಟು ನಿಮ್ಮ ಷಡ್ಡಕನಿಗೆ. ಅದೇ ಲ್ಯಾಂಬೋರ್ಗಿನಿಯ ಹಿಂದಿನ ಕಾರು ಮಿಯೂರಾ ಬಿಟ್ಟು ಇದನ್ನು ಯಾರು ನೋಡುತ್ತಾರೆ ಸರ್?

1965ರ ಟುರಿನ್ ಶೋಗೆ ಬರೀ ಚಾಸಿ (ಕಾರಿನ ಅಡಿಗಟ್ಟು), ಎಂಜಿನ್ ತಂದಿಟ್ಟಿದ್ದರು. ಮೇಲೆ ಬಾಡಿಯೇ ಇರಲಿಲ್ಲ. ತೂಕ ಇಳಿಸಲು ಚಾಸಿ ತುಂಬ ತೂತು ಕೊರೆದಿದ್ದರು. ಅಷ್ಟನ್ನೇ ನೋಡಿ ಜನ ಬುಕ್ ಮಾಡುವುದಕ್ಕೆ ಮುಂದೆ ಬಂದರು. ಮುಂದಿನ ವರ್ಷ ಜಿನೀವಾದಲ್ಲಿ ಬಾಡಿ ಹೊದ್ದು ಬಂದಾಗ ಎಲ್ಲರೂ ದಂಗು. ಸೊಂಟದ ಆ ಬಳುಕು, ಹಿಂದಿನ ಗಾಜಿನ ಜಾಗದಲ್ಲಿ ಕಪ್ಪು ಪಟ್ಟಿಗಳು, ಹೆಡ್‌ಲೈಟ್ ಸುತ್ತ ರೆಪ್ಪೆಗೂದಲು! ಕೌಂಟಾಶ್ ಅಂದರೆ ಸ್ಕೇಲ್ ಇಟ್ಟು ಗೆರೆ ಎಳೆದ ಪೆಟ್ಟಿಗೆ. ಗೆರೆ ಎಳೆಯುವುದು ಯಾರಿಗೂ ಬರುತ್ತದೆ.

ಹಳೇಗಾಡಿ ಹರಿ

ಮೋಹನ್ ಸರ್, ಎರಡನ್ನೂ ಬರೆದ ಕೈ ಒಂದೇ. ಕಾರಿನ ಆಕಾರ ಬರೆದುಕೊಡುವ ಬೆರ್ಟೋನೆ ಕಂಪನಿಯ ಮಾರ್ಚೆಲ್ಲೋ ಗಾಂದಿನಿ. ಮಿಯೂರಾ ಬಂದಾಗ ಅವನಿಗೆ 27 ವರ್ಷ. ಬಳುಕು ಗೊತ್ತಿದ್ದವನೇ ಆಮೇಲೆ ಬೇಕು ಅಂತಲೇ ನೇರ ಗೆರೆಗೆ ಬಂದ.

ಮಿಯೂರಾ ಮೋಹನ

ಮಿಯೂರಾದಲ್ಲಿ ಇನ್ನೊಬ್ಬ ಡಿಸೈನರ್ ಜ್ಯೂಜಾರೋ ಕೈಯೂ ಇದೆ ಅಂತ ಹೇಳುವವರೂ ಇದ್ದಾರೆ. ಗಾಂದಿನಿ ಬರುವ ಮೊದಲು ಬೆರ್ಟೋನೆಯಲ್ಲಿ ಇದ್ದವರು ಅವರೇ ಅಲ್ವಾ.

ಟಾರ್ಕ್ ತಿಮ್ಮಣ್ಣ

ಆ ಪಂಚಾಯಿತಿ ಹತ್ತಾರು ವರ್ಷದಿಂದ ನಡೆಯುತ್ತಲೇ ಇದೆ, ನಾವು ಮುಗಿಸುವುದು ಬೇಡ. ತಮಾಷೆ ಏನೆಂದರೆ ಗಾಂದಿನಿ, ಜ್ಯೂಜಾರೋ ಇಬ್ಬರೂ 1938ರ ಆಗಸ್ಟ್‌ನಲ್ಲಿ ಹುಟ್ಟಿದವರು. ಫೆರಾರಿ ಡೇಟೋನಾ ಬರೆದ ಫಿಯೊರಾವಂತಿಯೂ ಅದೇ ವರ್ಷದವರು. ಇಟಲಿಗೆ 1938 ಒಳ್ಳೇ ಫಸಲಿನ ವರ್ಷ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಎಲ್ಲರೂ ಕೌಂಟಾಶ್ ಆಕಾರದ ಬಗ್ಗೆ ಮಾತಾಡುತ್ತಿದ್ದೀರಿ. ಆ ಆಕಾರ ಯಾಕೆ ಹಾಗಿದೆ ಅಂತ ಯಾರೂ ಕೇಳಲಿಲ್ಲ. ಅದಕ್ಕೆ ಉತ್ತರ ಗೇರ್‌ಬಾಕ್ಸ್‌ನಲ್ಲಿದೆ.

ಮಿಯೂರಾದಲ್ಲಿ 3.9 ಲೀಟರಿನ 12 ಸಿಲಿಂಡರ್ ಎಂಜಿನ್ನನ್ನು ಸೀಟಿನ ಹಿಂದೆ ಅಡ್ಡಡ್ಡ ಮಲಗಿಸಿದ್ದರು. ಜಾಗ ಉಳಿಸಲು ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಂದೇ ಎರಕದಲ್ಲಿ ಮಾಡಿ, ಎರಡಕ್ಕೂ ಒಂದೇ ಆಯಿಲ್ ಕೊಟ್ಟರು. ಗೇರ್ ಹಲ್ಲಿನಿಂದ ಸವೆದ ಪುಡಿ ಎಂಜಿನ್ ಬೇರಿಂಗ್‌ಗೂ ಸುತ್ತಿಕೊಂಡು ಬರುತ್ತದೆ. ಅದನ್ನು ಬೇರೆ ಮಾಡಿದ್ದು ಮಿಯೂರಾದ ಎಸ್‌ವಿ ಮಾದರಿಯ ಕೊನೆಕೊನೆಯ ಕಾರುಗಳಲ್ಲಿ ಮಾತ್ರ. ಎಂಜಿನ್‌ಗೂ ಡ್ರೈವರ್ ಕಿವಿಗೂ ನಡುವೆ ಇದ್ದದ್ದು ಒಂದು ಗಾಜು. ಗೇರ್ ರಾಡು ಉದ್ದ, ಅದಕ್ಕೇ ಗೇರ್ ಬದಲಿಸುವುದು ಬಿಗಿ. ಪೆಟ್ರೋಲ್ ಟ್ಯಾಂಕ್ ಮೂಗಿನಲ್ಲಿ. ಪೆಟ್ರೋಲ್ ಖಾಲಿಯಾಗುತ್ತಾ ಬಂದ ಹಾಗೆ ಮುಂಭಾಗ ಹಗುರ, ಜೋರಾಗಿ ಹೋದರೆ ಮೂಗು ಎತ್ತುತ್ತದೆ.

ಕೌಂಟಾಶ್ ಮಾಡುವಾಗ ಎಂಜಿನಿಯರ್ ಪಾವೊಲೋ ಸ್ಟಾಂಜಾನಿ ಎಂಜಿನ್ನನ್ನು ಉದ್ದುದ್ದ ತಿರುಗಿಸಿದರು. ಅಷ್ಟೇ ಆಗಿದ್ದರೆ ವಿಶೇಷವಲ್ಲ. ಎಲ್ಲರೂ ಎಂಜಿನ್ ಹಿಂದೆ ಗೇರ್‌ಬಾಕ್ಸ್ ಇಡುತ್ತಾರೆ. ಇವರು ಉಲ್ಟಾ ಮಾಡಿ ಗೇರ್‌ಬಾಕ್ಸನ್ನು ಮುಂದಕ್ಕೆ, ಎರಡು ಸೀಟಿನ ನಡುವೆ ತೂರಿಸಿದರು. ಶಕ್ತಿ ಎಂಜಿನ್‌ನಿಂದ ಮುಂದಕ್ಕೆ ಬಂದು, ಗೇರ್‌ಬಾಕ್ಸ್ ಹಾದು, ಮತ್ತೆ ಒಂದು ಶಾಫ್ಟ್ ಮೂಲಕ ಎಂಜಿನ್ನಿನ ತಳದ ಆಯಿಲ್ ತೊಟ್ಟಿ (ಸಂಪ್) ಒಳಗಿಂದಲೇ ಹಿಂದೆ ಹೋಗಿ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಮುಟ್ಟುತ್ತದೆ. ಗೇರ್ ಕೋಲು ನೇರವಾಗಿ ಗೇರ್‌ಬಾಕ್ಸ್ ಮೇಲೇ ನಿಂತಿದೆ. ರಾಡಿನ ರಗಳೆ ಹೋಯಿತು. ಪೆಟ್ರೋಲ್ ಟ್ಯಾಂಕು, ರೇಡಿಯೇಟರ್ ಎರಡೂ ಪಕ್ಕಕ್ಕೆ ಬಂದವು. ಭಾರವೆಲ್ಲ ಎರಡು ಆಕ್ಸಲ್‌ಗಳ ನಡುವೆ. ಇಷ್ಟು ದೊಡ್ಡ ಎಂಜಿನ್ ಇಟ್ಟುಕೊಂಡೂ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2450 ಮಿಲಿಮೀಟರ್ ಅಷ್ಟೆ.

ಈಗ ಹೇಳಿ, ಆ ಪೆಟ್ಟಿಗೆಯ ಮೇಲೆ ಬಾಡಿ ಹಾಕಬೇಕೆಂದರೆ ಇನ್ನು ಹೇಗೆ ಹಾಕುತ್ತೀರಿ? ಕೂರುವವರು ಮುಂದಕ್ಕೆ ಬರಲೇಬೇಕು, ಮೂಗು ಚಿಕ್ಕದಾಗಲೇಬೇಕು, ಗಾಜು ಮಲಗಲೇಬೇಕು. ಸ್ಕೇಲ್ ಇಟ್ಟು ಎಳೆದ ಗೆರೆ ಅಲ್ಲ ಮೋಹನ್ ಅವರೇ, ಒಳಗಿನ ಜೋಡಣೆ ಕೇಳಿದ ಗೆರೆ ಅದು.

ಬೈಂದೂರು ಬುಲ್ಲೆಟ್

ತಿಮ್ಮಣ್ಣ, ನೀವು ಮೇಷ್ಟ್ರಾ?

ಟಾರ್ಕ್ ತಿಮ್ಮಣ್ಣ

ಗ್ಯಾರೇಜು. ಮಕ್ಕಳು ಬಂದು ಪಾಠ ಕೇಳುತ್ತಾರೆ, ಕೆಲಸ ಮಾಡುವುದಿಲ್ಲ.

ನಂದಿನಿ ನಕ್ಷೆ

ಕಾರಿನ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ, ನಾನು ಕಟ್ಟಡಗಳ ನಕ್ಷೆ ಬರೆಯುವವಳು. ತಿಮ್ಮಣ್ಣ ಹೇಳಿದ್ದು ಅರ್ಧ ಸರಿ. ಒಳಗಿನ ಜೋಡಣೆ ಮೂಗು ಎಲ್ಲಿರಬೇಕು, ಸೂರು ಎಲ್ಲಿರಬೇಕು ಅಂತ ಹೇಳಬಹುದು. ಅದು ಚಂದ ಕಾಣಬೇಕು ಅಂತ ಹೇಳುವುದಿಲ್ಲ.

ಹಿಂದಿನ ಚಕ್ರದ ಮೇಲಿನ ಬಾಡಿ ಕತ್ತರಿಸಿರುವ ಜಾಗ ನೋಡಿ. ಎಲ್ಲಾ ಕಾರುಗಳಲ್ಲಿ ಅಲ್ಲಿ ಅರ್ಧ ವೃತ್ತ ಇರುತ್ತದೆ, ಯಾಕೆಂದರೆ ಚಕ್ರ ದುಂಡಗಿದೆ. ಕೌಂಟಾಶ್‌ನಲ್ಲಿ ಮೇಲಿನ ಅಂಚು ಓರೆಯಾಗಿದೆ. ನಿಂತ ಕಾರು ಮುಂದಕ್ಕೆ ನುಗ್ಗುತ್ತಿರುವ ಹಾಗೆ ಕಾಣುವುದಕ್ಕೆ ಆ ಒಂದು ಓರೆ ಸಾಕು. ಅದು ಎಂಜಿನಿಯರ್ ಕೇಳಿದ್ದಲ್ಲ. ಗಾಂದಿನಿ ಅದನ್ನು ಬೇರೆ ಕಡೆಯೂ ಬಳಸಿದ್ದಾರೆ: ಸಿಟ್ರನ್ ಬಿಎಕ್ಸ್ ಎಂಬ ಸಾದಾ ಮನೆ ಕಾರಿನಲ್ಲೂ ಇದೆ, ಮಾಸೆರಾಟಿ ಶಮಾಲ್‌ನಲ್ಲೂ ಇದೆ. ಸಹಿ ಹಾಕಿದ ಹಾಗೆ.

ಇನ್ನೊಂದು. ಹರಿ ಅವರು 1971ರ ಹಳದಿ ಮಾದರಿ ಚಂದ ಅಂದರು. ನನಗೆ ಅದಕ್ಕಿಂತ 1974ರಲ್ಲಿ ಮಾರಾಟಕ್ಕೆ ಬಂದ ಎಲ್‌ಪಿ400 ಇಷ್ಟ. ಹಳದಿ ಮಾದರಿ ತೀರಾ ನುಣುಪು. ಓಡಿಸಿ ನೋಡಿದಾಗ ಎಂಜಿನ್ ತೀರಾ ಬಿಸಿಯಾಗುತ್ತಿತ್ತು. ಅದಕ್ಕೇ ಬಾಗಿಲಿನಿಂದ ಹಿಂದಕ್ಕೆ ಉದ್ದನೆಯ ಗಾಳಿದಾರಿ ಕೊರೆದರು, ಹೆಗಲ ಮೇಲೆ ಎರಡು ಪೆಟ್ಟಿಗೆ ಕೂರಿಸಿದರು. ಸಾಮಾನ್ಯವಾಗಿ ಹೀಗೆ ಆಮೇಲೆ ಸೇರಿಸಿದರೆ ಕೆಡುತ್ತದೆ. ಇಲ್ಲಿ ಬಾಡಿಗೆ ಒಂದು ಆಳ ಬಂತು, ನೆರಳು ಬಂತು. ಬಾಗಿಲಿನ ಆ ಕಪ್ಪು ತ್ರಿಕೋನ ಇಲ್ಲದ ಕೌಂಟಾಶ್ ಈಗ ನೆನೆಸಿಕೊಳ್ಳುವುದಕ್ಕೇ ಆಗುವುದಿಲ್ಲ.

ಹಳೇಗಾಡಿ ಹರಿ

ನಂದಿನಿ ಮೇಡಂ, ಹೆಗಲ ಮೇಲಿನ ಪೆಟ್ಟಿಗೆಗಳನ್ನು ಮಾತ್ರ ನಾನು ಒಪ್ಪುವುದಿಲ್ಲ. ಗಾಳಿದಾರಿ ಸರಿ. ಪೆಟ್ಟಿಗೆ ಅಂಟಿಸಿದ ಹಾಗೇ ಕಾಣುತ್ತದೆ.

ನಂದಿನಿ ನಕ್ಷೆ

ಅಂಟಿಸಿದ್ದೇ. ಅದಕ್ಕೇ ಚೆನ್ನಾಗಿರುವುದು.

ಮ್ಯೂನಿಕ್ ಮಾದೇಶ

ನಾನು ಇರುವುದು ಜರ್ಮನಿಯಲ್ಲಿ. ರಜೆಯಲ್ಲಿ ಆಲ್ಪ್ಸ್ ದಾಟಿ ಸಾಂತಾಗಾತಾ ಬೊಲೊನ್ಯೇಸೆಗೆ ಹೋಗಿದ್ದೆ. ಲ್ಯಾಂಬೋರ್ಗಿನಿ ಫ್ಯಾಕ್ಟರಿ ಇರುವ ಊರು. ಸುತ್ತ ಬರೀ ಹೊಲ, ಸಮತಟ್ಟು ನೆಲ. ಮ್ಯೂಸಿಯಂ ಫ್ಯಾಕ್ಟರಿಗೆ ಅಂಟಿಕೊಂಡೇ ಇದೆ.

ಅಲ್ಲಿ ಎಲ್‌ಪಿ400 ಪಕ್ಕ ನಿಂತಾಗ ಮೊದಲು ಗಮನಕ್ಕೆ ಬಂದದ್ದು, ಅದು ಚಿಕ್ಕದು. ಫೋಟೋ ನೋಡಿ ದೊಡ್ಡ ಕಾರು ಅಂದುಕೊಂಡಿದ್ದೆ. ಎತ್ತರ 1.07 ಮೀಟರ್. ಸೂರು ನನ್ನ ಸೊಂಟದ ಹತ್ತಿರ ಬರುತ್ತದೆ. ಬಗ್ಗಿ ಒಳಗೆ ನೋಡಿದರೆ ಬಾಗಿಲ ಕೆಳಗಿನ ಹೊಸ್ತಿಲು ಎಷ್ಟು ಅಗಲ ಅಂದರೆ ಅದರ ಮೇಲೆ ಒಬ್ಬರು ಆರಾಮಾಗಿ ಕೂರಬಹುದು. ಪಕ್ಕದ ಗಾಜು ತುಂಡುತುಂಡು, ಅದರಲ್ಲಿ ಒಂದು ತುಂಡು ಮಾತ್ರ ಸ್ವಲ್ಪ ಸರಿಯುತ್ತದೆ. ಟೋಲ್ ಕಟ್ಟಲು ಕೈ ಆಚೆ ಹೋಗಬಹುದು, ಮೊಣಕೈ ಹೋಗುವುದಿಲ್ಲ.

ಸೂರಿನ ಮೇಲೆ ನಡುವೆ ಒಂದು ತಗ್ಗು ಇದೆ. ಹಿಂದೆ ನೋಡಲು ಅಲ್ಲೊಂದು ಪೆರಿಸ್ಕೋಪ್ ಕನ್ನಡಿ ಇಡುವ ಯೋಚನೆ ಇತ್ತು. ಅದಕ್ಕೇ ಮೊದಲ ಕಾರುಗಳಿಗೆ ಪೆರಿಸ್ಕೋಪಿಯೋ ಅಂತಲೇ ಹೆಸರು. ಟಯರ್ ನೋಡಿದರೆ ಆಶ್ಚರ್ಯ ಆಗುತ್ತದೆ, ಹಿಂದಿನದ್ದರ ಅಗಲ 215 ಮಿಲಿಮೀಟರ್. ಈಗಿನ ಸಾಮಾನ್ಯ ಎಸ್‌ಯುವಿಗೂ ಅಷ್ಟಿರುತ್ತದೆ. ಅಲ್ಲಿಂದ ಎದ್ದು ಬರಲು ಮನಸ್ಸಾಗಲಿಲ್ಲ. ಹೆಂಡತಿ ಕಾಫಿ ಕುಡಿದು ವಾಪಸ್ ಬಂದರೂ ನಾನು ಅಲ್ಲೇ ಇದ್ದೆ.

ಬೈಂದೂರು ಬುಲ್ಲೆಟ್

ಹಿಂದೆ ಕಾಣದಿದ್ದರೆ ರಿವರ್ಸ್ ತೆಗೆಯುವುದು ಹೇಗೆ ಮಾರಾಯ್ರೆ?

ಮ್ಯೂನಿಕ್ ಮಾದೇಶ

ಬಾಗಿಲು ಮೇಲೆತ್ತಿ, ಆ ಹೊಸ್ತಿಲ ಮೇಲೆ ಅಂಡೂರಿ, ಅರ್ಧ ಮೈ ಹೊರಗೆ ಹಾಕಿ, ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಾ ಬಿಡುವುದು. ಒಂದು ಕೈ ಸ್ಟೀರಿಂಗ್ ಮೇಲೆ. ತಮಾಷೆ ಅಲ್ಲ, ಎಲ್ಲರೂ ಹಾಗೇ ಮಾಡುತ್ತಿದ್ದದ್ದು. ಬಾಗಿಲು ಮೇಲಕ್ಕೆ ತೆರೆಯುವುದಕ್ಕೆ ಅದೂ ಒಂದು ಕಾರಣ. ಕಾರು ಅಗಲ, ಮಾಮೂಲಿ ಬಾಗಿಲಾದರೆ ಪಕ್ಕದಲ್ಲಿ ಜಾಗ ಸಾಲುವುದಿಲ್ಲ.

ಸ್ಪ್ಯಾನರ್ ಸೀನ

ಆ ಬಾಗಿಲನ್ನು ಮೊದಲು ಮಾಡಿದ್ದೂ ಲ್ಯಾಂಬೋರ್ಗಿನಿಯೇ ಅಲ್ವಾ?

ನಂದಿನಿ ನಕ್ಷೆ

ಅಲ್ಲ. ಗಾಂದಿನಿಯೇ 1968ರಲ್ಲಿ ಆಲ್ಫಾ ರೋಮಿಯೋ ಚಾಸಿ ಮೇಲೆ ಕರಾಬೋ ಅಂತ ಒಂದು ಪ್ರದರ್ಶನದ ಕಾರು ಮಾಡಿದ್ದರು. ಹೀಗೆ ಮೇಲಕ್ಕೆ ತೆರೆಯುವ ಕತ್ತರಿ ಬಾಗಿಲು ಮೊದಲು ಬಂದದ್ದು ಅದರಲ್ಲಿ. ಮಾರಾಟದ ಕಾರಿಗೆ ತಂದದ್ದು ಕೌಂಟಾಶ್. 1970ರ ಲಾನ್ಚಾ ಸ್ಟ್ರಾಟೋಸ್ ಝೀರೋ ಕೂಡ ಹುಡುಕಿ ನೋಡಿ. ಅದಕ್ಕೆ ಪಕ್ಕದ ಬಾಗಿಲೇ ಇಲ್ಲ, ಮುಂದಿನ ಗಾಜು ಎತ್ತಿ ಒಳಗೆ ಹೋಗಬೇಕು. ಅದರ ಮುಂದೆ ಕೌಂಟಾಶ್ ಸಂಸಾರಸ್ಥರ ಕಾರು.

ದಾವಣಗೆರೆ ಡೀಸೆಲ್

ಬೆಂಗಳೂರಿನಲ್ಲಿ ಹಳೇ ಸೆಡಾನ್‌ಗೆ "ಲ್ಯಾಂಬೋ ಡೋರ್" ಹಾಕಿಸಿಕೊಂಡು ಓಡಾಡುವ ಹುಡುಗರು ಇದ್ದಾರೆ. ನನ್ನ ಚಿಕ್ಕಪ್ಪನ ಮಗನೂ ಒಂದು ಗ್ಯಾರೇಜಿನಲ್ಲಿ ಹಾಕಿಸಿದ. ಮಳೆಗಾಲದಲ್ಲಿ ಬಾಗಿಲು ಎತ್ತಿದ ಕೂಡಲೇ ನೀರೆಲ್ಲ ಸೀಟಿನ ಮೇಲೆ. ಕೀಲು ಸವೆದು ಒಂದು ದಿನ ಬಾಗಿಲು ತಲೆ ಮೇಲೆ ಇಳಿಯಿತು. ಅತ್ತಿಗೆ ಆವತ್ತಿಂದ ಅದರಲ್ಲಿ ಕೂರುವುದಿಲ್ಲ.

ಟಾರ್ಕ್ ತಿಮ್ಮಣ್ಣ

ಲ್ಯಾಂಬೋ ಡೋರ್ ಲ್ಯಾಂಬೋದ ಎಲ್ಲಾ ಕಾರಿಗೂ ಇಲ್ಲ ಅಂತ ಅವನಿಗೆ ಹೇಳಿ. 12 ಸಿಲಿಂಡರಿನ ದೊಡ್ಡ ಕಾರುಗಳಿಗೆ ಮಾತ್ರ ಆ ಗೌರವ. ಡಯಾಬ್ಲೋ, ಮುರ್ಸಿಯೆಲಾಗೋ, ಅವೆಂಟಡಾರ್, ಈಗ ರೆವುಯೆಲ್ಟೋ. ಗಯಾರ್ಡೋಗೆ, ಹುರಕಾನ್‌ಗೆ ನಿಮ್ಮ ನಮ್ಮ ಹಾಗೇ ಮಾಮೂಲಿ ಬಾಗಿಲು.

ಹಳೇಗಾಡಿ ಹರಿ

ರೆಕ್ಕೆ ವಿಷಯಕ್ಕೆ ಬನ್ನಿ. ಸೀನ, ನಿಮ್ಮ ಮೇಲೆ ನನಗೆ ಕೋಪ ಇದೆ. ಆ ರೆಕ್ಕೆಯಿಂದ ಕಾರಿನ ವೇಗ ಕಡಿಮೆಯಾಗುತ್ತದೆ. ಮುಂಭಾಗ ಮೊದಲೇ ಹಗುರ, ನೀವು ಹಿಂದೆ ಒತ್ತಡ ಹಾಕಿದರೆ ಏನು ಉಪಯೋಗ? ಅಷ್ಟು ಶುದ್ಧವಾದ ಗೆರೆಯ ಮೇಲೆ ಒಂದು ಹಲಗೆ ತಂದು ನಿಲ್ಲಿಸಿದ್ದಾರೆ.

ಸ್ಪ್ಯಾನರ್ ಸೀನ

ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ತುದಿಗೆ ಹಿತ್ತಾಳೆ ಕುಚ್ಚು ಕಟ್ಟುತ್ತೇವೆ. ಉಳುಮೆಗೆ ಅದರಿಂದ ಏನು ಉಪಯೋಗ? ಸಂಕ್ರಾಂತಿ ದಿನ ಅದಿಲ್ಲದ ಎತ್ತನ್ನು ಊರೊಳಗೆ ತಂದು ನೋಡಿ ಸರ್. ಲ್ಯಾಂಬೋರ್ಗಿನಿ ಲಾಂಛನವೇ ಗೂಳಿ. ಕೌಂಟಾಶ್ ಬಂದಿದ್ದೇ ಮೆರವಣಿಗೆಗೆ.

ಟಾರ್ಕ್ ತಿಮ್ಮಣ್ಣ

ಸೀನ ಈ ಸಲ ಗೆದ್ದ.

ಆದರೆ ರೆಕ್ಕೆಗಿಂತ ಮುಖ್ಯ ಟಯರ್. ವಾಲ್ಟರ್ ವುಲ್ಫ್ ಅಂತ ಕೆನಡಾದ ಪೆಟ್ರೋಲಿಯಂ ವ್ಯಾಪಾರಿ ಇದ್ದರು, ಫಾರ್ಮುಲಾ ಒನ್ ತಂಡವನ್ನೂ ಇಟ್ಟುಕೊಂಡಿದ್ದರು. ಅವರಿಗೆ ಎಲ್‌ಪಿ400 ಸಾಲಲಿಲ್ಲ. 1975ರ ಹೊತ್ತಿಗೆ ಅವರಿಗಾಗಿಯೇ ಬೇರೆ ಕಾರು ಮಾಡಿಸಿದರು. ಅಗಲ ಟಯರ್, ಅದನ್ನು ಮುಚ್ಚಲು ಅಗಲ ಮಡ್‌ಗಾರ್ಡು, ಹಿಂದೆ ರೆಕ್ಕೆ. ಅದನ್ನು ನೋಡಿ 1978ರಲ್ಲಿ ಕಂಪನಿಯೇ ಎಲ್‌ಪಿ400 ಎಸ್ ತಂದಿತು. ಹಿಂದಿನ ಟಯರ್ ಪಿರೆಲ್ಲಿ ಪಿ7, ಅಳತೆ 345/35, 15 ಇಂಚು. 215ರಿಂದ ಒಂದೇ ಸಲ 345! ಅಷ್ಟು ದಪ್ಪದ ಟಯರ್ ರಸ್ತೆ ಕಾರಿನಲ್ಲಿ ಆಗ ಯಾರೂ ನೋಡಿರಲಿಲ್ಲ. ನೇರ ಓಟದಲ್ಲಿ ಹಳೆಯ ಕಾರಿಗೇ ಹೆಚ್ಚು ವೇಗ, ಹಿಡಿತದಲ್ಲಿ ಹೊಸದು ಮೇಲು. ಓಡಿಸುವವನಿಗೆ ಎಸ್, ಫೋಟೋ ತೆಗೆಯುವವನಿಗೆ ಪೆರಿಸ್ಕೋಪಿಯೋ. ನನ್ನ ತೀರ್ಪು ಇಷ್ಟೇ.

ಮಿಯೂರಾ ಮೋಹನ

ಆಮೇಲೆ 1988ರಲ್ಲಿ ಬಂದ, ಕಂಪನಿಯ 25ನೇ ವರ್ಷದ ಮಾದರಿ? ಪಕ್ಕದಲ್ಲೆಲ್ಲ ಫೆರಾರಿ ಟೆಸ್ಟರೋಸಾ ಥರ ಪಟ್ಟಿ, ಮುಂದೆ ದೊಡ್ಡ ಬಂಪರ್. ಅದನ್ನೂ ಸಮರ್ಥಿಸುತ್ತೀರಾ ಸೀನ?

ಸ್ಪ್ಯಾನರ್ ಸೀನ

ಎಲ್ಲಾ ಕೌಂಟಾಶ್‌ಗಳಲ್ಲಿ ಜಾಸ್ತಿ ಮಾರಾಟ ಆಗಿದ್ದು ಅದೇ. 650ಕ್ಕೂ ಹೆಚ್ಚು. ದುಡ್ಡು ಕೊಟ್ಟವರಿಗೆ ಕಣ್ಣಿಲ್ಲವಾ?

ಹಳೇಗಾಡಿ ಹರಿ

ಅದರ ಹೊರಮೈ ತಿದ್ದಿದ್ದು ಹೊರಾಸಿಯೋ ಪಗಾನಿ. ಆಮೇಲೆ ಸ್ವಂತ ಕಂಪನಿ ಮಾಡಿ ಝೊಂಡಾ ಕಟ್ಟಿದರಲ್ಲ, ಅವರೇ. ಚಂದ ಅಲ್ಲ ಅಂತ ನನಗೂ ಅನ್ನಿಸುತ್ತದೆ. ಆದರೆ ಗಾಳಿ ಸರಿಯಾಗಿ ಒಳಗೆ ಹೋಗುವ ಹಾಗೆ ಮಾಡಿದರು, ಸೀಟು ಸುಧಾರಿಸಿತು. 17 ವರ್ಷ ಹಳೆಯ ಆಕಾರಕ್ಕೆ ಇನ್ನೇನು ಮಾಡಲು ಸಾಧ್ಯ?

ಮಿಯೂರಾ ಮೋಹನ

ಅಮೆರಿಕಕ್ಕೆ ಕಳಿಸಿದ ಕಾರುಗಳ ಬಂಪರ್ ನೋಡಿದ್ದೀರಾ? ನೋಡದಿದ್ದರೆ ನೋಡಬೇಡಿ. ಊಟ ಸೇರುವುದಿಲ್ಲ.

ದಾವಣಗೆರೆ ಡೀಸೆಲ್

ನಿಮ್ಮ ಲೆಕ್ಕಾಚಾರ ಎಲ್ಲಾ ಸರಿ. ನನಗೆ ಕೌಂಟಾಶ್ ಅಂದರೆ ಸಲೂನ್. ನಮ್ಮ ಬೀದಿಯ ಕಟಿಂಗ್ ಶಾಪಿನಲ್ಲಿ ಕನ್ನಡಿ ಮೇಲೆ ಒಂದು ಕಡೆ ಅಣ್ಣಾವ್ರು, ಇನ್ನೊಂದು ಕಡೆ ಶಂಕರ್‌ನಾಗ್, ನಡುವೆ ಕೆಂಪು ಕೌಂಟಾಶ್. ಬಾಗಿಲು ಎರಡೂ ಮೇಲೆ. ಕೆಳಗೆ ಪೋಸ್ಟರಿನ ಅಂಚಿಗೆ ಶೇವಿಂಗ್ ನೊರೆ ಹಾರಿ ಒಣಗಿರುತ್ತಿತ್ತು. ತಲೆ ಬಗ್ಗಿಸು ಅಂದರೂ ಬಗ್ಗಿಸದೆ ಅದನ್ನೇ ನೋಡುತ್ತಿದ್ದೆ, ಅಂಗಡಿಯ ಮಾಮ ತಲೆ ಮೇಲೆ ಬಾಚಣಿಗೆಯಲ್ಲಿ ಹೊಡೆಯುತ್ತಿದ್ದರು. ಹೊರಗೆ ರಸ್ತೆಯಲ್ಲಿ ಅಂಬಾಸಿಡರ್, ಪದ್ಮಿನಿ. ಮಾರುತಿ ಬಂದರೆ ದೊಡ್ಡ ವಿಷಯ.

ಅದು ಇಟಲಿ ಕಾರು ಅಂತಲೂ ಗೊತ್ತಿರಲಿಲ್ಲ. ಅದಕ್ಕೆ ಗ್ಯಾರೇಜ್ ಬೇಕು, ಪೆಟ್ರೋಲ್ ಬೇಕು ಅನ್ನುವುದೇ ಹೊಳೆದಿರಲಿಲ್ಲ. ಅದು ಎಲ್ಲೋ ನಿಜವಾಗಿ ಇದೆ ಅನ್ನುವುದೇ ಸಾಕಾಗಿತ್ತು.

ಹಳೇಗಾಡಿ ಹರಿ

ಇದನ್ನೇ ನನ್ನ ಷಡ್ಡಕ ಪೋಸ್ಟರ್ ಮಹಿಮೆ ಅನ್ನುವುದು! ನೀವು ಅವನ ಕಡೆಯವರಾ ಈಗ?

ದಾವಣಗೆರೆ ಡೀಸೆಲ್

ಕನ್ನಡಿ ಮೇಲೆ ಅವತ್ತು ಬೇರೆ ಕಾರಿನ ಪೋಸ್ಟರ್‌ಗಳೂ ಬಂದು ಹೋದವು ಹರಿ ಅಣ್ಣ. ಒಂದರ ಹೆಸರೂ ನೆನಪಿಲ್ಲ. ಪೋಸ್ಟರ್ ಅಷ್ಟು ದೊಡ್ಡದಾಗಿದ್ದರೆ ಅವೂ ನೆನಪಿರಬೇಕಿತ್ತು.

ಶಿರಸಿ ಶ್ಯಾಮ

ಪದ್ಮಿನಿಯೂ ಇಟಲಿಯದ್ದೇ ಅಲ್ವಾ. ಫಿಯಟ್ 1100. ಇಟಲಿಯ ಗಾಡಿ ಓಡಿಸಿಕೊಂಡೇ ಇಟಲಿಯ ಪೋಸ್ಟರ್ ನೋಡಿದ್ದೀರಿ.

ದಾವಣಗೆರೆ ಡೀಸೆಲ್

ಓಡಿಸಿಕೊಂಡಲ್ಲ, ತಳ್ಳಿಕೊಂಡು.

ಶಿರಸಿ ಶ್ಯಾಮ

ಟಾಟಾ ಇಂಡಿಕಾ ಆಕಾರವೂ ಟುರಿನ್‌ನ ಐಡಿಯಾ ಎಂಬ ಡಿಸೈನ್ ಸಂಸ್ಥೆಯ ಜೊತೆ ಮಾಡಿದ್ದು. ಡೇವೂ ಮಾಟಿಜ್ ಜ್ಯೂಜಾರೋ ಸಂಸ್ಥೆಯದ್ದು. ನಮ್ಮ ಟ್ಯಾಕ್ಸಿ ಸ್ಟ್ಯಾಂಡುಗಳೆಲ್ಲ ಇಟಲಿಮಯ.

ಬೈಂದೂರು ಬುಲ್ಲೆಟ್

ಇಂಡಿಕಾಗೆ ರೆಕ್ಕೆ ಹಾಕಿದರೆ ಹೇಗೆ?

ಟಾರ್ಕ್ ತಿಮ್ಮಣ್ಣ

ದಯವಿಟ್ಟು ಬೇಡ. ಹಾಕಿಸಿಕೊಂಡವರು ನನ್ನ ಗ್ಯಾರೇಜಿಗೇ ಬರುತ್ತಾರೆ.

ಶಿರಸಿ ಶ್ಯಾಮ

ಒಂದು ಕಥೆ ಕೇಳಿದ್ದೆ. ಫೆರೂಚಿಯೋ ಲ್ಯಾಂಬೋರ್ಗಿನಿ ಟ್ರ್ಯಾಕ್ಟರ್ ಮಾಡುತ್ತಿದ್ದರು. ಅವರ ಫೆರಾರಿ ಕಾರಿನ ಕ್ಲಚ್ ಪದೇಪದೇ ಕೆಡುತ್ತಿತ್ತು. ಎಂಜೋ ಫೆರಾರಿ ಹತ್ತಿರ ದೂರಿದಾಗ ನೀನು ಟ್ರ್ಯಾಕ್ಟರ್ ಓಡಿಸು ಹೋಗು ಅಂದರಂತೆ. ಅದೇ ಹಟಕ್ಕೆ ಬಿದ್ದು ಕಾರು ಕಂಪನಿ ಶುರು ಮಾಡಿದರಂತೆ.

ಟಾರ್ಕ್ ತಿಮ್ಮಣ್ಣ

ಕಥೆ ಬಾಯಿಂದ ಬಾಯಿಗೆ ಹೋಗುತ್ತಾ ಮಸಾಲೆ ಜಾಸ್ತಿ ಆಗಿದೆ. ಗಟ್ಟಿಯಾಗಿ ಹೇಳಬಹುದಾದ್ದು ಇಷ್ಟು: 1948ರಲ್ಲಿ ಟ್ರ್ಯಾಕ್ಟರ್ ಕಂಪನಿ, 1963ರಲ್ಲಿ ಕಾರು ಕಂಪನಿ. ಮೊದಲ ವಿ12 (12 ಸಿಲಿಂಡರ್) ಎಂಜಿನ್ ಮಾಡಿಕೊಟ್ಟದ್ದು ಫೆರಾರಿ ಬಿಟ್ಟು ಬಂದಿದ್ದ ಜೊತ್ತೋ ಬಿಝರೀನಿ. ಆ ಎಂಜಿನ್ನಿನ ಸಂತಾನವೇ ಮಿಯೂರಾದಲ್ಲಿ, ಕೌಂಟಾಶ್‌ನಲ್ಲಿ, ಡಯಾಬ್ಲೋದಲ್ಲಿ, 2010ರಲ್ಲಿ ಮುರ್ಸಿಯೆಲಾಗೋ ನಿಲ್ಲುವವರೆಗೂ ನಡೆಯಿತು. ಕೋಪದಿಂದ ಶುರುವಾಯಿತೋ ಇಲ್ಲವೋ, ಎಂಜಿನ್ ಮಾತ್ರ ಅರ್ಧ ಶತಮಾನದ ಹತ್ತಿರ ದುಡಿಯಿತು.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕೌಂಟಾಶ್ ಗಿರಾಕಿಗಳ ಕೈ ಸೇರುವ ಹೊತ್ತಿಗೆ ಫೆರೂಚಿಯೋ ಕಂಪನಿ ಮಾರಿಬಿಟ್ಟಿದ್ದರು. 1972ರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು, 1974ರಲ್ಲಿ ಉಳಿದದ್ದು. ಆಮೇಲೆ ಕಂಪನಿ ದಿವಾಳಿ, ಕೈ ಬದಲಾವಣೆ, ಮತ್ತೆ ಕೈ ಬದಲಾವಣೆ. ಅಷ್ಟೂ ಗೋಳಾಟದ ನಡುವೆ ಗೇಟಿನಿಂದ ಹೊರಗೆ ಬರುತ್ತಲೇ ಇದ್ದದ್ದು ಈ ಒಂದು ಕಾರು, 1990ರವರೆಗೆ. ಎಲ್ಲಾ ಸೇರಿ ಸುಮಾರು 2,000. ಇದಿಲ್ಲದಿದ್ದರೆ ಲ್ಯಾಂಬೋರ್ಗಿನಿ ಹೆಸರು ಟ್ರ್ಯಾಕ್ಟರ್ ಮೇಲೆ ಮಾತ್ರ ಉಳಿಯುತ್ತಿತ್ತು.

ಮ್ಯೂನಿಕ್ ಮಾದೇಶ

2021ರ ಹೊಸ ಕೌಂಟಾಶ್ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲವಲ್ಲ? ಎಲ್‌ಪಿಐ 800-4. ಬರೀ 112 ಕಾರು. ನನಗೆ ಕೆಟ್ಟದ್ದು ಅನ್ನಿಸಲಿಲ್ಲ.

ಹಳೇಗಾಡಿ ಹರಿ

ಗಾಂದಿನಿಗೇ ಅನ್ನಿಸಿತು. ಅದರಲ್ಲಿ ನನ್ನ ಪಾತ್ರ ಏನೂ ಇಲ್ಲ, ಹಳೆಯದನ್ನೇ ಮತ್ತೆ ಮಾಡುವುದು ನನ್ನ ದಾರಿಯಲ್ಲ ಎಂಬ ಅರ್ಥದಲ್ಲಿ ಬಹಿರಂಗವಾಗಿಯೇ ಹೇಳಿಕೆ ಕೊಟ್ಟರು. ಸರಿಯಾಗೇ ಇದೆ. 1971ರಲ್ಲಿ ಮಿಯೂರಾವನ್ನೇ ಸ್ವಲ್ಪ ತಿದ್ದಿ ಕೊಟ್ಟಿದ್ದರೆ ಇವತ್ತು ಈ ಚರ್ಚೆಯೇ ಇರುತ್ತಿರಲಿಲ್ಲ.

ಮ್ಯೂನಿಕ್ ಮಾದೇಶ

ಅದೇ ವರ್ಷ ಅದೇ ಕಂಪನಿ ಕಳೆದುಹೋದ ಹಳದಿ ಮಾದರಿಯನ್ನು ಮರುಕಟ್ಟಿತು. ಅಸಲಿ ಕಾರನ್ನು 1974ರಲ್ಲಿ ಇಂಗ್ಲೆಂಡಿಗೆ ತೆಗೆದುಕೊಂಡು ಹೋಗಿ ಡಿಕ್ಕಿ ಪರೀಕ್ಷೆಯಲ್ಲಿ ಗುದ್ದಿಸಿ ಪುಡಿ ಮಾಡಿದ್ದರು. ಹೊಸದಾಗಿ ಕಟ್ಟಲು 25,000 ಗಂಟೆಗಿಂತ ಹೆಚ್ಚು ಕೆಲಸ ಹಿಡಿಯಿತು. ಹಳೆಯ ಫೋಟೋ, ಕಾಗದಪತ್ರ ನೋಡಿ ತಗಡು ಕೈಯಲ್ಲಿ ಬಡಿದು ಮಾಡಿದರು. ಪಿರೆಲ್ಲಿಯವರು ಟಯರನ್ನೂ ಹಳೆ ನಮೂನೆಯಲ್ಲೇ ಮಾಡಿಕೊಟ್ಟರು. ಅದೂ ತಪ್ಪಾ?

ಹಳೇಗಾಡಿ ಹರಿ

ಅದು ಬೇರೆ. ಅಲ್ಲಿ ಯಾರೂ ಹೊಸ ಕಾರು ಅಂತ ಮಾರಲಿಲ್ಲ.

ಮಿಯೂರಾ ಮೋಹನ

ಮುಂದೆ ಜಗತ್ತೇ ನೆನಪಿಡುವ ಕಾರನ್ನು ಗೋಡೆಗೆ ಗುದ್ದಿಸಿದರಾ! ಮಿಯೂರಾಗೆ ಹಾಗೆ ಮಾಡಿದ್ದರೆ ನಾನು ಸುಮ್ನೆ ಇರುತ್ತಿರಲಿಲ್ಲ.

ಟಾರ್ಕ್ ತಿಮ್ಮಣ್ಣ

ಅವರ ಹತ್ತಿರ ಗುದ್ದಿಸಲು ಇನ್ನೊಂದು ಕಾರು ಕೊಳ್ಳುವಷ್ಟು ದುಡ್ಡು ಇರಲಿಲ್ಲ ಮೋಹನ್ ಅವರೇ. ಚಿಕ್ಕ ಕಂಪನಿ. ಪರೀಕ್ಷೆ ಪಾಸಾಗದೆ ಮಾರುವ ಹಾಗಿರಲಿಲ್ಲ.

ನಂದಿನಿ ನಕ್ಷೆ

ಗಾಂದಿನಿ 2024ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದಕ್ಕೆ ಎರಡು ತಿಂಗಳ ಹಿಂದೆ ಟುರಿನ್‌ನ ಪಾಲಿಟೆಕ್ನಿಕ್ ಅವರಿಗೆ ಗೌರವ ಪದವಿ ಕೊಟ್ಟಿತ್ತು. ಡಿಸೈನ್‌ನಲ್ಲಿ ಅಲ್ಲ, ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ. ಕಾರಿನ ಹೊರಮೈಗಿಂತ ಒಳಗಿನ ಜೋಡಣೆ, ಕಟ್ಟುವ ಬಗೆ ತಮಗೆ ಹೆಚ್ಚು ಇಷ್ಟ ಅಂತ ಅವರೇ ಹೇಳಿಕೊಂಡು ಬಂದಿದ್ದರು. ತಿಮ್ಮಣ್ಣ, ಅರ್ಧ ಸರಿ ಅಂದಿದ್ದೆ. ಮುಕ್ಕಾಲು ಸರಿ ಅಂತ ಇಟ್ಟುಕೊಳ್ಳಿ.

ಟಾರ್ಕ್ ತಿಮ್ಮಣ್ಣ

ಉಳಿದ ಕಾಲು?

ನಂದಿನಿ ನಕ್ಷೆ

ಹಿಂದಿನ ಚಕ್ರದ ಓರೆ. ಅದನ್ನು ಬಿಟ್ಟುಕೊಡುವುದಿಲ್ಲ.

ಬೈಂದೂರು ಬುಲ್ಲೆಟ್

ಎಲ್ಲಾ ಸರಿ, ಆದರೆ ಫೆರಾರಿ ಎಫ್40 ಮುಂದೆ ಇದೆಲ್ಲ ಏನು? ಅದಕ್ಕೂ ರೆಕ್ಕೆ ಇದೆ, ಆ ರೆಕ್ಕೆ ಕೆಲಸವೂ ಮಾಡುತ್ತದೆ.

ಸ್ಪ್ಯಾನರ್ ಸೀನ

ಒಳಗೆ ಬಾಗಿಲು ತೆಗೆಯಲು ಒಂದು ದಾರ ಕೊಟ್ಟಿದ್ದಾರೆ ಅದರಲ್ಲಿ. ಹಿಡಿಕೆಗೂ ದುಡ್ಡಿರಲಿಲ್ಲ ಪಾಪ.

ಮಿಯೂರಾ ಮೋಹನ

ಎಫ್40 ಬಗ್ಗೆ ಬೇರೆ ಚರ್ಚೆ ತೆಗೆಯಿರಿ ಬುಲ್ಲೆಟ್, ಇಲ್ಲಿ ಬೇಡ. ಇಲ್ಲಿ ನಾವು ಇನ್ನೂ ಮಿಯೂರಾ ಮುಗಿಸಿಲ್ಲ.

ಬೈಂದೂರು ಬುಲ್ಲೆಟ್

ತೆಗೆದಾಯಿತು. ದಾರದ ವಿಷಯ ಅಲ್ಲಿ ಬಂದು ಹೇಳು ಸೀನ, ನೋಡಿಕೊಳ್ಳುತ್ತೇನೆ.